ಗಾಜಿನೊಳಗಿನ ಕೆರೆ

ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದುದನ್ನು ಶಿವಾಜಿ ಮೊದಲು ಸಂತೋಷ ಎಂದುಕೊಂಡ. ಹೊಸ ಮನೆ ಹಿಡಿಸಿರಬೇಕು, ಉಂಡಾದ ಮೇಲೆ ಮಂದಿ ಹೊರಗಿನ ಕಟ್ಟೆಗೆ ಬಂದು ಕೂರುವ ಹಾಗೆ ಮೂರೂ ಒಟ್ಟಿಗೆ ಮೇಲೆ ಬಂದಿವೆ ಅನ್ನಿಸಿತು. ಇವತ್ತು ಅವನಿಗೆ ವಾರದ ರಜೆ. ಬೆಳಿಗ್ಗೆ ಚಹಾ ಕುಡಿದು ಸ್ಟೂಲು ಎಳೆದುಕೊಂಡು ಗಾಜಿನ ಪೆಟ್ಟಿಗೆಯ ಮುಂದೆ ಕೂತವನು ಇಳಿಹೊತ್ತಿನ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದರೂ ಎದ್ದಿರಲಿಲ್ಲ. ಮೊರಬದ ಈ ಎರಡು ಕೋಣೆಯ ಮನೆಯಲ್ಲಿ ಅವನು ಏನೂ ಮಾಡದೆ ಇಷ್ಟು ಹೊತ್ತು ಕೂತದ್ದನ್ನು ಯಾರೂ ನೋಡಿರಲಿಲ್ಲ. ಹೆಂಡತಿ ಮಲ್ಲಿಕಾ ಕಸ ಗುಡಿಸುತ್ತ ಬಂದು ಅವನ ಕಾಲುಗಳನ್ನು ಪೊರಕೆಯಿಂದಲೇ ಎತ್ತಿಸಿ, ಕೆಳಗಿನ ಕಸ ತೆಗೆದು ಮುಂದೆ ಹೋಗಿದ್ದಳು. ಟಿವಿ ಇದ್ದ ಮೇಜಿನ ಮೇಲೆ, ಬುದ್ಧನ ಪಟದ ಕೆಳಗೆ, ಈಗ ಈ ಪೆಟ್ಟಿಗೆ. ಟಿವಿ ಜೋಳದ ಚೀಲದ ಮೇಲೆ ಕೂತಿದೆ. ನೀರು ಎಷ್ಟು ತಿಳಿಯಾಗಿತ್ತೆಂದರೆ ಅದು ಇದೆಯೋ ಇಲ್ಲವೋ ಎಂದು ಸಂಶಯ ಬರುತ್ತಿತ್ತು. ಮೂರು ಮೀನುಗಳು, ಎರಡು ಕೇಸರಿ ಬಣ್ಣದವು, ಒಂದು ಕರಿಬಾಲದ ಸಣ್ಣದು, ಗಾಳಿಯಲ್ಲೇ ತೇಲುತ್ತಿದ್ದಂತೆ ಕಾಣುತ್ತಿದ್ದವು. ಆ ತಿಳಿ ಶಿವಾಜಿಯ ಹೆಮ್ಮೆ. ಆದರೆ ಆ ತಿಳಿಯನ್ನು ನೋಡಿದಾಗಲೆಲ್ಲ ಎದೆಯ ಒಂದು ಮೂಲೆಯಲ್ಲಿ ಏನೋ ಚುಚ್ಚುತ್ತಿತ್ತು, ಯಾಕೆಂದರೆ ಅದು ಹೇಗೆ ಬಂತೆನ್ನುವುದನ್ನು ಅವನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಬಾಯಿ ಆಡುತ್ತದೆ, ಸದ್ದು ಬರುವುದಿಲ್ಲ. ಅವನನ್ನು ಹಿಡಿದು ನಿಲ್ಲಿಸಿದ್ದು ಅದೇ. ನವಲಗುಂದದಿಂದ ಹುಬ್ಬಳ್ಳಿಗೆ, ಹುಬ್ಬಳ್ಳಿಯಿಂದ ನವಲಗುಂದಕ್ಕೆ ದಿನವಿಡೀ ಬಸ್ಸಿನಲ್ಲಿ ಟಿಕೆಟ್ ಕೊಡುವವನ ಕಿವಿ ಅವನದಾಗಿ ಉಳಿಯುವುದಿಲ್ಲ. ಸಂತೆಗೆ ಹೊರಟವರು, ದವಾಖಾನೆಗೆ ಹೊರಟವರು, ಸೀಟಿಗಾಗಿ ಕಿಟಕಿಯಿಂದ ಟವೆಲ್ ಎಸೆದವರು, ಹುಡುಗರ ಮೊಬೈಲಿನ ಹಾಡು, ಎಲ್ಲ ಬಾಯಿಗಳೂ ಅವನ ಕಡೆಗೇ ತೆರೆದಿರುತ್ತವೆ. ರಾತ್ರಿ ಹಾಸಿಗೆಯಲ್ಲಿ ಹೊರಳಿದರೂ ತನ್ನದೇ ಸೀಟಿಯ ಸದ್ದು ಕಿವಿಯಲ್ಲಿ ಊದುತ್ತದೆ. ಹುಬ್ಬಳ್ಳಿಯಲ್ಲಿ ಬಸ್ಸು ತಿರುಗುವ ಮೊದಲು ಸಿಗುವ ಸ್ವಲ್ಪ ಬಿಡುವಿನಲ್ಲಿ ಒಂದು ದಿನ ಚಹಾ ಬಿಟ್ಟು ಓಣಿಯೊಳಗೆ ಹೋಗಿದ್ದ. ಆ ದಿನ ಹಳೆಯ ಗಿರಾಕಿಯೊಬ್ಬರು ಹತ್ತಿದ್ದರು. ಯಾವಾಗಲೂ ಬಿಳಿ ಧೋತರ, ಯಾವಾಗಲೂ ಮುಂದಿನ ಸೀಟು. ಅವರು ಚಿಲ್ಲರೆಯನ್ನು ಅವನ ಅಂಗೈಯ ಮೇಲೆ ಇಡುವುದಿಲ್ಲ, ಒಂದು ಗೇಣು ಮೇಲಿನಿಂದ ಬಿಡುತ್ತಾರೆ. ಬಿದ್ದ ನಾಣ್ಯ ಕೆಲವೊಮ್ಮೆ ಪುಟಿದು ಸೀಟಿನ ಕೆಳಗೆ ಹೋಗುತ್ತದೆ, ಶಿವಾಜಿ ಬಗ್ಗುತ್ತಾನೆ. ಇಪ್ಪತ್ತು ವರ್ಷದಿಂದ ಬಗ್ಗಿದ್ದಾನೆ. ಆದರೆ ಆ ದಿನ ಅವರು ಮೊಬೈಲ್ ತೆಗೆದು ಅವನ ಕೊರಳಿನ ಚೌಕಳಿ ಚೀಟಿಗೆ ಹಿಡಿದು ಸ್ಕ್ಯಾನ್ ಮಾಡಿ, 'ಛಲೋ ಆತ ನೋಡಪಾ, ಇನ್ನ ಚಿಲ್ಲರಿ ಕಾಟ ಇಲ್ಲ' ಎಂದು ನಕ್ಕರು. ಇನ್ನು ಯಾರ ಕೈಯೂ ಯಾರಿಗೂ ತಾಗಬೇಕಿಲ್ಲ. ತನಗೆ ಹಗುರಾಯಿತೋ, ಇಪ್ಪತ್ತು ವರ್ಷ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ ಒಂದು ಮಾತು ಆಡದೆಯೇ ಹಳಸಿಹೋಯಿತೋ ತಿಳಿಯದೆ ಓಣಿಯಲ್ಲಿ ನಡೆದವನಿಗೆ ಎದುರಾದದ್ದು ನಿಜಾಮಸಾಬರ ಅಂಗಡಿ. ಗೋಡೆಯ ತುಂಬ ಗಾಜು, ಗಾಜಿನ ತುಂಬ ನೀರು, ನೀರಿನ ತುಂಬ ಬಾಯಿಗಳು. ಒಂದಾದರೂ ಅವನನ್ನು ಏನೂ ಕೇಳಲಿಲ್ಲ.

'ಮಕ್ಕಳಿಗೇನ್ರಿ?' ಎಂದಿದ್ದರು ನಿಜಾಮಸಾಬರು. ನಲವತ್ತಾರು ವರ್ಷದ, ಖಾಕಿ ಹಾಕಿದ ಗಂಡಸು 'ನನಗ್ರಿ' ಎಂದು ಹೇಗೆ ಹೇಳುವುದು? 'ಹೌದ್ರಿ, ಮಗಳಿಗೆ' ಎಂದುಬಿಟ್ಟ. ಮಗಳು ಸುಜಾತಾ ಹತ್ತನೆಯ ಇಯತ್ತೆ, ಅವಳಿಗೆ ಮೀನು ಬೇಡ, ಬೇಕಾದದ್ದು ಬಾಗಿಲು ಇರುವ ಒಂದು ಕೋಣೆ. ಪೆಟ್ಟಿಗೆ ಮನೆಗೆ ಬಂದ ದಿನ ಅವಳು ಪುಸ್ತಕದಿಂದ ತಲೆ ಎತ್ತಿ, 'ಅಪ್ಪಾ, ಮಂದಿ ಮುಂದ ನನ್ನ ಹೆಸರ ಹೇಳೀರಿ ಹೌದಿಲ್ಲೋ?' ಎಂದಳು. ಅವನು 'ಏ, ಇಲ್ಲವಾ' ಎಂದ. ಅವಳು 'ಹೂಂ' ಎಂದು ಮತ್ತೆ ಪುಸ್ತಕಕ್ಕೆ ತಲೆ ಹಾಕಿದಳು. ಆ 'ಹೂಂ' ಅವನ ಬೆನ್ನಿಗೆ ಬಿತ್ತು. ಇವನ ಇಷ್ಟು ವರ್ಷದ ಸಂಸಾರದಲ್ಲಿ ಮನೆಗೆ ಬಂದ ಜೀವವೆಲ್ಲ ಒಂದು ಕೆಲಸ ಹೊತ್ತುಕೊಂಡೇ ಬಂದಿತ್ತು: ಕೋಳಿ ತತ್ತಿಗೆ, ಆಡು ಹಬ್ಬಕ್ಕೆ, ನಾಯಿ ಕಾಯುವುದಕ್ಕೆ. ಯಾವ ಕೆಲಸವೂ ಇಲ್ಲದೆ ಬಂದ ಮೊದಲ ಜೀವಗಳು ಇವು, ಅದೂ ಮನೆಯ ಯಜಮಾನನ ಹುಚ್ಚಿಗೆ. ಮೀನು ತಂದ ಸಂಜೆ ಬಸ್ಸಿನಲ್ಲಿ, ತನ್ನ ಸೀಟಿನ ಕೊಕ್ಕೆಗೆ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲ ತೂಗುಹಾಕಿದ್ದನ್ನು ನೋಡಿ ಹಿಂದಿನಿಂದ ಒಬ್ಬ, 'ಕಂಡಕ್ಟರ್, ಅವಕ್ಕ ಟಿಕೀಟ ಹರದೀರೇನು?' ಎಂದು ಕೂಗಿದ. ಪಕ್ಕದ ಮುದುಕಿ ಸುಮ್ಮನಿರದೆ, 'ಹೆಣ್ಣ ಮೀನಿದ್ರ ಫ್ರೀ ಐತಲ್ಲೋ, ಆಧಾರ ಕಾರ್ಡ ತೋರಸಂತ ಹೇಳು' ಎಂದಳು. ಬಸ್ಸೆಲ್ಲ ನಕ್ಕಿತು. ಶಿವಾಜಿಯೂ ನಕ್ಕ, ಆದರೆ ಎಡಗೈ ಮಾತ್ರ ನವಲಗುಂದ ಮುಟ್ಟುವವರೆಗೆ ಚೀಲದ ಕೆಳಗೇ ಇತ್ತು, ಗುಂಡಿ ಬಂದಾಗ ಆನಿಸಿಕೊಳ್ಳುವುದಕ್ಕೆ. ಒಂದು ಕೈಯಲ್ಲಿ ಟಿಕೆಟ್ ಕೊಟ್ಟ. ಆ ದಿನ ಅವನಿಗೆ ಬಸ್ಸಿನ ಗದ್ದಲ ಕೇಳಿಸಿದ್ದೇ ನೆನಪಿಲ್ಲ.

'ರೀ, ಅವು ಆರಾಮ ಇಲ್ರಿ.' ಮಲ್ಲಿಕಾ ರೊಟ್ಟಿಯ ಹಿಟ್ಟು ಹತ್ತಿದ ಕೈಯಲ್ಲೇ ಬಂದು ಹಿಂದೆ ನಿಂತಿದ್ದಳು.

'ಆಟಾ ಆಡಾಕತ್ತಾವ.'

'ಆಟಾ ಏನ್ರಿ? ನಮ್ಮಪ್ಪಗ ದಮ್ಮ ಹತ್ತಿದಾಗ ಹಿಂಗ ಬಾಯಿ ಬಿಡ್ತಿದ್ದ.'

ಹೇಳಿ ಅವಳು ಒಳಗೆ ಹೋದಳು, ರೊಟ್ಟಿ ತಟ್ಟುವ ಸದ್ದು ಮತ್ತೆ ಶುರುವಾಯಿತು. ಆದರೆ ನೋಟ ಬದಲಾಗಿಹೋಗಿತ್ತು. ಒಂದು ಕ್ಷಣದ ಹಿಂದೆ ಸಂತೋಷವಾಗಿದ್ದದ್ದೇ ಈಗ ಏದುಸಿರಾಗಿ ಕಾಣತೊಡಗಿತು. ಮೀನುಗಳು ಬೇರೇನೂ ಮಾಡಿರಲಿಲ್ಲ. ಗಾಳಿಯ ಯಂತ್ರ ಗುಳುಗುಳು ಅನ್ನುತ್ತಲೇ ಇತ್ತು, ಗುಳ್ಳೆಗಳು ಏಳುತ್ತಲೇ ಇದ್ದವು, ಆದರೂ ಮೂರು ಬಾಯಿಗಳು ನೀರಿನ ತುದಿಗೆ ಅಂಟಿಕೊಂಡಂತೆ ನಿಂತಿದ್ದವು. ಕರಿಬಾಲದ್ದು ಒಂದು ಪಕ್ಕಕ್ಕೆ ವಾಲಿ, ಮತ್ತೆ ನೆಟ್ಟಗಾಗಿ, ಮತ್ತೆ ವಾಲಿತು. ಬಾಗಿಲ ಪಕ್ಕದ ಗೋಡೆಗೆ ಒರಗಿ ಹತ್ತಿ ಬಿಡಿಸುತ್ತಿದ್ದ ಅವ್ವ ಮರೆವ್ವ ಇತ್ತ ನೋಡಲೇ ಇಲ್ಲ. ನಾಲ್ಕು ದಿನದಿಂದ ಅವಳು ಆ ಪೆಟ್ಟಿಗೆಯ ಕಡೆಗೆ ನೋಡಿಲ್ಲ. ಅದನ್ನು ಬಳಸಿಕೊಂಡು, ಸೆರಗು ತಾಗದ ಹಾಗೆ, ಓಡಾಡುತ್ತಾಳೆ.

ನೀರಿನದೇ ಕಾರಣ. ಈ ಸೀಮೆಯ ಬೋರಿನ ನೀರು ಸವಳು. ನಲ್ಲಿಯಲ್ಲಿ ಬರುವ ಅದು ಪಾತ್ರೆ ಬಟ್ಟೆಗೆ ಆದೀತು, ಮೀನಿಗಲ್ಲ. ನಿಜಾಮಸಾಬರು ಮೊದಲೇ ಹೇಳಿದ್ದರು: 'ಸಿಹಿ ನೀರ ತುಂಬ್ರಿ, ಎರಡ ದಿವಸ ಸುಮ್ನ ಬಿಡ್ರಿ. ಮೊದಲ ನೀರಿಗೆ ಮನಿ ರೂಢಿ ಆಗ್ಲಿ, ಆಮ್ಯಾಲ ಮೀನಕ್ಕ.' ಸಿಹಿ ನೀರೆಂದರೆ ಕೆರೆಯದು. ಕಾಲುವೆಯಿಂದ ತುಂಬುವ ಕುಡಿಯುವ ನೀರಿನ ಕೆರೆ, ಕಾಲು ಹಾಕಬಾರದು, ಬಟ್ಟೆ ಒಗೆಯಬಾರದು. ಊರಿನಲ್ಲಿ ಫಿಲ್ಟರ್ ನೀರಿನ ಕ್ಯಾನು ಬಂದು ಎಷ್ಟೋ ವರ್ಷವಾಗಿ, ಮಲ್ಲಿಕಾ ಮತ್ತು ಸುಜಾತಾ ಅದನ್ನೇ ಕುಡಿಯುತ್ತಾರೆ. ಮರೆವ್ವ ಮಾತ್ರ ದಿನಾ ಬೆಳಿಗ್ಗೆ ತಲೆಯ ಮೇಲೆ ಸಿಂಬಿ ಇಟ್ಟು ತನ್ನ ತಾಮ್ರದ ಕೊಡ ಹೊತ್ತು ಕೆರೆಗೆ ಹೋಗುತ್ತಾಳೆ. 'ಫಿಲ್ಟರ್ ನೀರು ಸಪ್ಪಗ, ಬಾಯಾಗ ಹಾಕ್ಕೊಂಡ್ರ ಯಾರೋ ಮಾತಾಡ್ದ ಕುಂತಂಗ ಆಗತೈತಿ' ಎನ್ನುತ್ತಾಳೆ. ಎಪ್ಪತ್ತು ದಾಟಿದವಳಿಗೆ ಬೇಡ ಎಂದು ಹೇಳಿ ಹೇಳಿ ಶಿವಾಜಿ ಸೋತಿದ್ದ. ಅವನು ನಾಲ್ಕು ದಿನದ ಹಿಂದೆ ಮೋಟರ್ ಸೈಕಲ್ಲಿನ ಎರಡೂ ಬದಿಗೆ ಕ್ಯಾನು ಕಟ್ಟಿಕೊಂಡು ಕೆರೆಗೆ ಹೋಗಿ ಎರಡು ಸಲ ತುಂಬಿ ತಂದ. ಏರಿಯ ಮೇಲೆ ಕೂತಿದ್ದ ತಿರಕಪ್ಪ, ಕೆರೆಗೆ ಬರುವವರನ್ನೆಲ್ಲ ಮಾತಾಡಿಸುವುದನ್ನೇ ಉದ್ಯೋಗ ಮಾಡಿಕೊಂಡ ಮುದುಕ, 'ಏನ ಶಿವಾಜಿ, ಇಷ್ಟ ನೀರು? ಮನ್ಯಾಗ ಏನರ ಕಾರ್ಯ ಐತೇನು?' ಎಂದು ಕೇಳಿದ. ಮೀನಿಗೆ ಎಂದು ಬಾಯಿಂದ ಹೊರಡಲಿಲ್ಲ. 'ಹೌದ್ರಿ ಕಾಕಾ, ಸಣ್ಣದೊಂದ ಕಾರ್ಯ' ಎಂದ. ಸಂಜೆಗೆ ಪಕ್ಕದ ಮನೆಯ ಅನ್ನಪೂರ್ಣಾ ಬಂದು ಮಲ್ಲಿಕಾಳ ಕಿವಿಯಲ್ಲಿ, ಸುಜಾತಾಳನ್ನು ನೋಡಲು ಯಾರಾದರೂ ಬರುತ್ತಿದ್ದಾರೋ ಹೇಗೆ, ಇಷ್ಟು ಸಣ್ಣ ಹುಡುಗಿಗೆ ಇಷ್ಟು ಅವಸರ ಯಾಕೆ ಎಂದು ಕೇಳಿದಳು. ಸುಜಾತಾ ಆ ರಾತ್ರಿ ಅಪ್ಪನ ಜೊತೆ ಊಟಕ್ಕೆ ಕೂರಲಿಲ್ಲ.

ಅವ್ವ ಆ ದಿನ ಹೊಸ್ತಿಲಲ್ಲಿ ನಿಂತು, ಮಗ ಕ್ಯಾನು ಎತ್ತಿ ಎತ್ತಿ ಗಾಜಿನ ಪೆಟ್ಟಿಗೆಗೆ ಸುರಿಯುವುದನ್ನು ನೋಡಿದ್ದಳು. ನೀರು ಮೇಲಿನಿಂದ ದಬದಬ ಬಿದ್ದು ಒಳಗಿನ ಹರಳು ಕೆದರಿ, ಅರ್ಧ ಮೇಜಿನ ಮೇಲೆ ಚೆಲ್ಲಿ, ನೆಲದ ಜಮಖಾನೆ ತೊಯ್ದಿತ್ತು. ಅವಳು ಬಯ್ಯಲಿಲ್ಲ. 'ಕುಡಿಯೂ ನೀರಲೇ ಶಿವ್ಯಾ' ಎಂದಳು, ಅಷ್ಟೇ. ತೊಯ್ದ ಜಮಖಾನೆ ತೆಗೆದು ಹಿತ್ತಲಿಗೆ ಒಯ್ದು ಹಿಂಡಿದಳು. ಅಂದಿನಿಂದ ಅವಳ ಸುಮ್ಮನಿರುವಿಕೆ ಈ ಮನೆಯಲ್ಲಿ ಮತ್ತೊಂದು ಸಾಮಾನಿನ ಹಾಗೆ ಇದೆ, ಅವನು ಎಲ್ಲಿ ತಿರುಗಿದರೂ ಮೊಣಕಾಲಿಗೆ ತಾಗುತ್ತದೆ. ಬಯ್ದಿದ್ದರೆ ಎದುರು ಮಾತಾಡಬಹುದಿತ್ತು. ಅವ್ವನ ತವರು ಬೆಣ್ಣಿಹಳ್ಳದ ಆಚೆ. ಅಲ್ಲಿನ ಕೆರೆಯ ಮೆಟ್ಟಿಲನ್ನು ಅವಳು ಹುಡುಗಿಯಾಗಿದ್ದಾಗ ಇಳಿಯುವ ಹಾಗಿರಲಿಲ್ಲ. ಇವರ ಓಣಿಯ ಯಾರೂ ಇಳಿಯುವ ಹಾಗಿರಲಿಲ್ಲ. ಖಾಲಿ ಕೊಡ ಇಟ್ಟುಕೊಂಡು ಏರಿಯ ಮೇಲೆ ನಿಲ್ಲಬೇಕು, ಬಂದವರಲ್ಲಿ ಯಾರಿಗಾದರೂ ಮನಸ್ಸು ಬಂದರೆ, ಕೊಡಕ್ಕೆ ಕೊಡ ತಾಗದ ಹಾಗೆ ಮೇಲಿನಿಂದ ಸುರಿದು ಹೋಗುತ್ತಾರೆ. ಶಿವಾಜಿಗೆ ಇದನ್ನು ಅವಳು ಹೇಳಿದ್ದು ಒಮ್ಮೆ ಮಾತ್ರ, ಅದೂ ನಗುತ್ತ: 'ನಮ್ಮ ಕೊಡಕ್ಕ ನೀರು ಯಾವತ್ತೂ ಮಳಿ ಬಂದಂಗ ಮ್ಯಾಲಿಂದನ ಬೀಳ್ತಿತ್ತು ನೋಡು. ಅರ್ಧಾ ಕೊಡಕ್ಕ, ಅರ್ಧಾ ನನ್ನ ಪರಕಾರಕ್ಕ. ಮನಿಗೆ ಬರೂದ್ರಾಗ ಜಳಕಾ ಆಗಿರ್ತಿತ್ತು.' ಅವಳು ನಕ್ಕಳೆಂದು ಅವನೂ ನಗಬೇಕೋ ಬೇಡವೋ ತಿಳಿಯದೆ ರೊಟ್ಟಿ ಮುರಿಯುತ್ತ ಕೂತಿದ್ದ. ಅಂಥವಳ ಮುಂದೆ ತಾನು ಕೊಡಗಟ್ಟಲೆ ಸಿಹಿ ನೀರನ್ನು ತಂದು, ಮೇಲಿನಿಂದ ಸುರಿದು, ಅರ್ಧ ಚೆಲ್ಲಿ, ಏನಕ್ಕೂ ಬಾರದ ಮೂರು ಮೀನುಗಳಿಗೆ ಕೊಟ್ಟಿದ್ದ. ಈಗ ಅವು ಸತ್ತರೆ? ಸತ್ತರೆ ನೀರೂ ಹೋಯಿತು, ಮೀನೂ ಹೋಯಿತು, ಆ ಪೆಟ್ಟಿಗೆ ಜೋಳದ ಡಬ್ಬಿಯಾಗಿ ಅಡುಗೆಮನೆಗೆ ಹೋಗುತ್ತದೆ, ಅವ್ವ ಆಗಲೂ ಏನೂ ಅನ್ನುವುದಿಲ್ಲ. ಮತ್ತೊಮ್ಮೆ ತನಗಾಗಿ ಏನನ್ನಾದರೂ ಬೇಕು ಎನ್ನುವ ಧೈರ್ಯ ಈ ಜನ್ಮದಲ್ಲಿ ಬರಲಿಕ್ಕಿಲ್ಲ ಅನ್ನಿಸಿತು.

ಕರಿಬಾಲದ ಮೀನು ತಳಕ್ಕೆ ಜಾರಿತು. ಹರಳಿನ ಮೇಲೆ ಹೊಟ್ಟೆ ಊರಿ ಮಲಗಿತು. ಶಿವಾಜಿ ಗಾಜಿನ ಮೇಲೆ ಬೆರಳಿಂದ ಮೆಲ್ಲಗೆ ತಟ್ಟಿದ, ನಿದ್ದೆ ಹೋದ ಪ್ರಯಾಣಿಕನನ್ನು ಊರು ಬಂತೆಂದು ಎಬ್ಬಿಸುವ ಹಾಗೆ. ಅದು ಕಿವಿರು ಅಲ್ಲಾಡಿಸಿತೇ ಹೊರತು ಏಳಲಿಲ್ಲ. ಅವನು ಮೊಬೈಲ್ ತೆಗೆದುಕೊಂಡು ಹೊರಗೆ ಹೋಗಿ ಮಾತಾಡೋಣವೆಂದು ಎದ್ದ, ಆದರೆ ಹೊರಗೆ ಅನ್ನಪೂರ್ಣಾ ಕಾಳು ಹಸನು ಮಾಡುತ್ತ ಕೂತಿದ್ದಳು. ಒಳಗೇ ನಿಂತು ಫೋನು ಹಚ್ಚಿದ.

'ಸಾಹೇಬ್ರ, ನಾ ಮೊರಬದ ಕಂಡಕ್ಟರ್ ರೀ.'

'ಹಾಂ ಹಾಂ, ಮಗಳಿಗೆ ಮೀನ ಒಯ್ದವ್ರು! ಆರಾಮ ಅದಾವೇನ್ರಿ?' ನಿಜಾಮಸಾಬರ ದನಿ ಫೋನಿನಿಂದ ಹೊರಗೆ ಚೆಲ್ಲುವಷ್ಟು ದೊಡ್ಡದು. ಮೂಲೆಯಲ್ಲಿ ಸುಜಾತಾಳ ತಲೆ ಪುಸ್ತಕದಿಂದ ಮೇಲೆದ್ದಿತು.

'ಇಲ್ರಿ. ಬಾಯಿ ತಕ್ಕೊಂಡ ನಿಂತಾವ್ರಿ. ಒಂದಂತೂ ತಳಾ ಹಿಡದೈತಿ.'

'ಯಾ ನೀರು?'

'ಕೆರಿದ್ರಿ.'

'ಕೆರಿ ನೀರು ಛಲೋನ ಐತಲ್ಲ. ನೀರಿಗೆ ಏನರ ಹಾಕೀರೇನು?'

ರೊಟ್ಟಿಯ ಸದ್ದು ನಿಂತಿತ್ತು. ಅವ್ವನ ಕೈಯಲ್ಲಿ ಹತ್ತಿಯ ಕಾಯಿ ಹಾಗೇ ಇತ್ತು. ಮಳೆಗಾಲದ ಕೆರೆಯ ನೀರು ರಾಡಿ. ಎರೆಮಣ್ಣು ಕಲೆತು ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಇಲ್ಲಿ ಯಾರ ಮನೆಯಲ್ಲೂ ಅದಕ್ಕೊಂದೇ ಉಪಾಯ: ಬಿಳಿ ಕಲ್ಲುಸಕ್ಕರೆಯ ಹಾಗಿರುವ ಪಟಕದ ಗಡ್ಡೆ ಹಿಡಿದು ಕೊಡದ ನೀರಿನಲ್ಲಿ ನಾಲ್ಕು ಸುತ್ತು ತಿರುವಿದರೆ ಬೆಳಗಾಗುವುದರಲ್ಲಿ ಮಣ್ಣೆಲ್ಲ ತಳಕ್ಕೆ ಕೂತು ನೀರು ತಿಳಿಯಾಗುತ್ತದೆ. ನೀರು ತುಂಬಿದ ರಾತ್ರಿ, ರಾಡಿ ನೀರಿನಲ್ಲಿ ತನ್ನ ಕೈಯೇ ಕಾಣದ್ದಕ್ಕೆ ಬೇಜಾರಾಗಿ, ಗೋಡೆಯಲ್ಲಿನ ಅವ್ವನ ಮಾಡದಲ್ಲಿದ್ದ ಪಟಕ ಎತ್ತಿಕೊಂಡು ತಿರುವಿದ್ದ. ನಾಲ್ಕು ಸುತ್ತಿಗೆ ಮನಸ್ಸು ನಿಲ್ಲಲಿಲ್ಲ. ಇದು ಮನೆಗೆ ಬರುವ ಅತಿಥಿಗಳಿಗೆ, ನಿಜಾಮಸಾಬರ ಅಂಗಡಿಯ ಗಾಜಿನಷ್ಟು ತಿಳಿಯಾಗಬೇಕು ಎಂದು ಇಡೀ ಗಡ್ಡೆಯನ್ನೇ ನೀರಿನಲ್ಲಿ ಬಿಟ್ಟು ಮಲಗಿದ್ದ. ಬೆಳಿಗ್ಗೆ ಅದು ಕರಗಿ ಹೋಗಿತ್ತು, ನೀರು ಗಾಳಿಯಂತಾಗಿತ್ತು. ಮಾಡದಲ್ಲಿ ಪಟಕ ಕಾಣದೆ ಅವ್ವ ಮೂರು ದಿನ ಹುಡುಕಿ, ಕೊನೆಗೆ ಅನ್ನಪೂರ್ಣಾಳ ಮನೆಯಿಂದ ಚೂರು ಕೇಳಿ ತಂದಾಗಲೂ ಅವನು ಬಾಯಿ ಬಿಟ್ಟಿರಲಿಲ್ಲ.

'ಪಟಕಾ ಹಾಕೀನ್ರಿ' ಎಂದ ಶಿವಾಜಿ.

'ಎಷ್ಟು?'

'ಇಡೀ ಗಡ್ಡೀನ.'

'ಯಾ ಅಲ್ಲಾ! ಕಂಡಕ್ಟರ್ ಸಾಹೇಬ್ರ, ನೀವು ಮೀನ ಸಾಕಾಕತ್ತೀರೋ ಉಪ್ಪಿನಕಾಯಿ ಹಾಕಾಕತ್ತೀರೋ? ನೀರ ಹುಳಿ ಆಗಿರ್ತೈತ್ರಿ, ಅವಕ್ಕ ಉಸರಾಡಾಕ ಬರಂಗಿಲ್ಲ. ಅರ್ಧಾ ನೀರ ತೆಗೀರಿ, ಏನೂ ಹಾಕದ ಕೆರಿ ನೀರ ತುಂಬ್ರಿ. ಸಾವಕಾಶ ತುಂಬ್ರಿ, ಗಾಬರಿ ಮಾಡಬ್ಯಾಡ್ರಿ ಅವನ್ನ.'

'ರಾಡಿ ಐತ್ರಿ ನೀರು.'

'ಇರ್ಲಿ ಬಿಡ್ರಿ! ನಿಮ್ಮ ಕಣ್ಣಿಗೆ ರಾಡಿ. ಮೀನಕ್ಕ ಅದ ಹಾಸಿಗಿ, ಅದ ಹೊದಿಕಿ.'

ಫೋನು ಇಟ್ಟದ್ದಾಯಿತು. ಶಿವಾಜಿ ಯಾರ ಮುಖವನ್ನೂ ನೋಡದೆ ಕ್ಯಾನುಗಳಿಗಾಗಿ ಹಿತ್ತಲ ಕಡೆಗೆ ತಿರುಗಿದ. ಮೊದಲು ನಕ್ಕದ್ದು ಸುಜಾತಾ. ಪುಸ್ತಕ ಮುಖಕ್ಕೆ ಹಿಡಿದುಕೊಂಡಿದ್ದಳು, ಪುಸ್ತಕ ಅಲುಗಾಡುತ್ತಿತ್ತು. 'ಉಪ್ಪಿನಕಾಯಿ' ಎಂದಳು. ಮಲ್ಲಿಕಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮರೆವ್ವ ನಗಲಿಲ್ಲ. ಹತ್ತಿಯ ಬುಟ್ಟಿಯನ್ನು ಬದಿಗೆ ಸರಿಸಿ, ಗೋಡೆ ಹಿಡಿದು ಎದ್ದು, ನಾಲ್ಕು ದಿನದಲ್ಲಿ ಮೊದಲ ಸಲ ಪೆಟ್ಟಿಗೆಯ ಹತ್ತಿರ ಬಂದು ಬಗ್ಗಿ ನೋಡಿದಳು. ಅವಳ ಮುಖ ಗಾಜಿಗೆ ಎಷ್ಟು ಹತ್ತಿರವಿತ್ತೆಂದರೆ ಉಸಿರಿಗೆ ಗಾಜು ಮಂಜಾಯಿತು. ಬಾಯಿ ತೆರೆದುಕೊಂಡು ನೀರಿನ ತುದಿಯಲ್ಲಿ ಕಾಯುತ್ತ ನಿಂತ ಎರಡು, ತಳದಲ್ಲಿ ಒಂದು. ಎಷ್ಟೋ ಹೊತ್ತು ನೋಡಿದಳು.

'ನೀರಾಗ ನಿಂತು ನೀರಿಗಾಗಿ ಬಾಯಿ ಬಿಡಾಕತ್ತಾವಲ್ಲೋ' ಎಂದಳು. ಸಿಂಬಿ ತೆಗೆದುಕೊಂಡಳು. 'ನಡಿ, ಹೋಗೂಣು.'

'ನೀ ಯಾಕಬೇ ಯವ್ವಾ, ನಾ ಗಾಡಿ ಮ್ಯಾಲ ತರ್ತೀನಿ.'

'ಆ ಕ್ಯಾನಿನ್ಯಾಗ ಮೊದಲ ಏನಿತ್ತೋ ಏನೋ. ಕೊಡದಾಗ ತರೂಣು. ನೀನೂ ಒಂದ ಹೊರು, ಹೆಗಲೇನ ಸವಿಯೂದಿಲ್ಲ.'

ಸಂಜೆಯ ಬಿಸಿಲು ಕೆರೆಯ ಮೇಲೆ ಮಲಗಿತ್ತು. ಅವ್ವನ ಹಿಂದೆ ಕೊಡ ಹೊತ್ತು ನಡೆಯುತ್ತ ಶಿವಾಜಿಗೆ ಮನೆಯಲ್ಲಿ ಅವು ಇನ್ನೂ ಇವೆಯೋ ಇಲ್ಲವೋ ಎಂದು ಕಾಲು ಓಡಬಯಸುತ್ತಿತ್ತು, ಅವಳ ಹೆಜ್ಜೆಗೆ ತಕ್ಕ ಹಾಗೆ ತಡೆದುಕೊಂಡ. ಏರಿಯ ಮೇಲೆ ತಿರಕಪ್ಪ ಇದ್ದೇ ಇದ್ದ. 'ಏನ ಮರೆವ್ವ, ಸಂಜೀ ಮುಂದ ಕೊಡಾ ತಂದೀಯಲ್ಲ! ಕಾರ್ಯ ಇನ್ನೂ ಮುಗಿದಿಲ್ಲೇನು?' ಎಂದ. ಶಿವಾಜಿ ಕೊಡವನ್ನು ಇನ್ನೊಂದು ಹೆಗಲಿಗೆ ಬದಲಿಸಿದ. ತಾನು ಹೇಳಿದ ಸುಳ್ಳು ಊರೆಲ್ಲ ಸುತ್ತಿ ಈಗ ಅವ್ವನ ಎದುರಿಗೇ ಬಂದು ನಿಂತಿದೆ, ಅವಳು ಯಾವ ಕಾರ್ಯ ಎಂದು ಕೇಳಿಬಿಟ್ಟರೆ ಮುಗಿಯಿತು. ಮರೆವ್ವ ನಿಲ್ಲಲೂ ಇಲ್ಲ, 'ಎಲ್ಲಿ ಮುಗಿತೈತೋ ತಿರಕಪ್ಪಣ್ಣ? ಬೀಗರು ಬಂದ ಕುಂತಾರ. ಬಂದವರಿಗೆ ಮೊದಲ ನೀರ ಕೊಡಬೇಕಲ್ಲ' ಎಂದು ಮೆಟ್ಟಿಲು ಇಳಿದಳು. ಶಿವಾಜಿ ಮೇಲೆಯೇ ನಿಂತುಬಿಟ್ಟ. ಎಲ್ಲ ಗೊತ್ತಿತ್ತು ಅವಳಿಗೆ. ಕಾರ್ಯದ ಸುಳ್ಳು ಗೊತ್ತಿತ್ತು, ಬಹುಶಃ ಮಾಡದಿಂದ ಪಟಕ ಹೋದ ದಾರಿಯೂ, ಫೋನಿಗೆ ಮೊದಲೇ. ಕೆಳಗೆ ಅವಳು ನೀರಿಗೆ ಕಾಲು ತಾಗದ ಕೊನೆಯ ಮೆಟ್ಟಿಲಿನ ಮೇಲೆ ನಿಂತು, ಕೊಡದ ತಳದಿಂದ ನೀರಿನ ಮೇಲ್ಮೈಯನ್ನು ಅತ್ತ ಇತ್ತ ತಳ್ಳಿ, ತೇಲುವ ಕಸ ಸರಿಸಿ, ಕೊಡದ ಕಂಠವನ್ನು ಪೂರ್ತಿ ನೀರೊಳಗೆ ಮುಳುಗಿಸಿದಳು. ಗುಡುಗುಡು ಎಂದು ಅದು ಕುಡಿಯಿತು. ತುಂಬಿದ ಮೇಲೂ ಅವಳು ತಕ್ಷಣ ಎತ್ತಲಿಲ್ಲ. ಕೊಡ ನೀರಿನಲ್ಲಿ, ಕೈ ಕೊಡದ ಮೇಲೆ, ಹಾಗೇ ಸ್ವಲ್ಪ ಹೊತ್ತು ಇದ್ದಳು. ದಿನಾ ಬೆಳಿಗ್ಗೆ ಅವಳು ಇಲ್ಲಿಗೆ ಬರುವುದು ನೀರಿಗಾಗಿ ಮಾತ್ರ ಎಂದುಕೊಂಡಿದ್ದ ಶಿವಾಜಿ, ಇಷ್ಟು ದಿನ. ಬೇಡ ಎಂದು ಇನ್ನೆಂದೂ ಹೇಳಲಾರೆ ಎಂದುಕೊಂಡು, ಮೆಟ್ಟಿಲಿಳಿದು ಅವಳ ಪಕ್ಕಕ್ಕೆ ನಿಂತು ತನ್ನ ಕೊಡವನ್ನೂ ಮುಳುಗಿಸಿದ.

ಮನೆಗೆ ಬರುವಷ್ಟರಲ್ಲಿ ಮಲ್ಲಿಕಾ ಮತ್ತು ಸುಜಾತಾ ಸೇರಿ ಅರ್ಧ ನೀರು ಖಾಲಿ ಮಾಡಿದ್ದರು. ಆ ಹುಳಿ ನೀರನ್ನೂ ಮಲ್ಲಿಕಾ ಚೆಲ್ಲಿರಲಿಲ್ಲ, ನೆಲ ಒರೆಸಲು ಬಕೆಟ್ಟಿನಲ್ಲಿ ತುಂಬಿಟ್ಟಿದ್ದಳು. 'ಇನ್ನೂ ಅದಾವ್ರಿ' ಎಂದು ಬಾಗಿಲಲ್ಲೇ ಹೇಳಿದಳು, 'ಸಣ್ಣದರ ಮ್ಯಾಲ ನನಗ ನಂಬಿಗಿ ಇಲ್ಲ.' ಶಿವಾಜಿ ಕೊಡ ಇಳಿಸಿದವನೇ ಮತ್ತೆ ಎರಡೂ ಕೈಯಿಂದ ಎತ್ತಿ ಪೆಟ್ಟಿಗೆಯ ಮೇಲೆ ಬಗ್ಗಿಸಲು ಹೋದ.

'ಏ, ನಿಂದ್ರು.' ಅವ್ವನ ದನಿ. ಅಷ್ಟು ಜೋರಾಗಿ ಅವಳು ಮಾತಾಡಿದ್ದನ್ನು ಕೇಳಿ ಎಷ್ಟು ವರ್ಷವಾಗಿತ್ತೋ. 'ಮ್ಯಾಲಿಂದ ಹೊಯ್ಯಬ್ಯಾಡ.'

ಅವನು ಕೊಡ ಕೆಳಗಿಟ್ಟ. ಮರೆವ್ವ ತಾನು ನೀರು ಕುಡಿಯುವ ತಂಬಿಗೆಯನ್ನು ತಂದಳು. ಕೊಡದಿಂದ ತುಂಬಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಸಿರು ಬಳೆಗಳನ್ನು ಮೊಣಕೈಯವರೆಗೆ ಏರಿಸಿ, ತಂಬಿಗೆಯನ್ನು ಪೆಟ್ಟಿಗೆಯ ಒಳಗೆ ಇಳಿಸಿದಳು. ಅದರ ಕಂಠ ನೀರಿಗೆ ತಾಗಿತು, ನೀರಿನೊಳಗೆ ಹೋಯಿತು. ಆಮೇಲೆ ಮೆಲ್ಲಗೆ ವಾಲಿಸಿದಳು. ಒಂದು ಹನಿ ಸದ್ದಾಗಲಿಲ್ಲ, ಒಂದು ಹನಿ ಹೊರಗೆ ಬೀಳಲಿಲ್ಲ. ತಂಬಿಗೆಯ ನೀರು ಪೆಟ್ಟಿಗೆಯ ನೀರಿಗೆ ಸೇರಿದ್ದು ಗೊತ್ತಾದದ್ದು ಬಣ್ಣದಿಂದ ಮಾತ್ರ, ಮಣ್ಣಿನ ಬಣ್ಣದ ಒಂದು ಮೋಡ ತಂಬಿಗೆಯ ಬಾಯಿಂದ ಹೊರಟು ಹರಡಿತು. ಶಿವಾಜಿ ಕೊಡವನ್ನು ಅವಳ ಕೈಗೆ ಎಟುಕುವ ಹಾಗೆ ಎತ್ತಿ ಹಿಡಿದು ನಿಂತ. ಮತ್ತೊಂದು ತಂಬಿಗೆ. ಮತ್ತೊಂದು. ಅವನು ಅಷ್ಟು ಆಸೆಪಟ್ಟಿದ್ದ ತಿಳಿ ಕಣ್ಣೆದುರೇ ಹೋಗುತ್ತಿತ್ತು. ಹಿಂದಿನ ಗಾಜು ಮಸುಕಾಯಿತು, ಹರಳು ಮಸುಕಾಯಿತು, ಕೇಸರಿ ಮೀನುಗಳು ಸಂಜೆಯ ಬಸ್ಸಿನ ದೀಪದ ಹಾಗೆ ಧೂಳಿನೊಳಗಿಂದ ಕಂಡು ಮರೆಯಾದವು. ಒಂದು ಕ್ಷಣ ಅವನಿಗೆ ಕೆಡುಕೆನಿಸಿತು. ಆಮೇಲೆ, ಅವು ಮೇಲಿನಿಂದ ಇಳಿದಿವೆ ಎಂಬುದು ಹೊಳೆಯಿತು. ನೀರಿನ ತುದಿ ಖಾಲಿಯಿತ್ತು. ಅಲ್ಲಿ ಬಾಯಿಗಳಿರಲಿಲ್ಲ.

ಕೊನೆಯ ತಂಬಿಗೆ ಬರಿದಾಗಿ ಅವ್ವ ಅದನ್ನಿನ್ನೂ ನೀರೊಳಗೇ ಹಿಡಿದಿದ್ದಾಗ, ಮಸುಕಿನೊಳಗಿಂದ ಕರಿಬಾಲದ್ದು ಬಂತು. ನೆಟ್ಟಗಿತ್ತು. ತಂಬಿಗೆಯ ಕಂಠದ ಹತ್ತಿರ ನಿಂತು, ಯಾರದೋ ಮನೆಯ ಬಾಗಿಲಲ್ಲಿ ಬರಲೋ ಬೇಡವೋ ಎಂದು ನಿಂತವರ ಹಾಗೆ ರೆಕ್ಕೆ ಆಡಿಸಿ, ಒಳಗೆ ಹೋಗಿಬಿಟ್ಟಿತು.

'ಅತ್ತೀ, ತಂಬಿಗ್ಯಾಗ ಸಿಕ್ಕೈತ್ರಿ, ಬೋರಲ ಹಾಕ್ರಿ!' ಎಂದಳು ಮಲ್ಲಿಕಾ.

'ಗದ್ದಲಾ ಮಾಡಬ್ಯಾಡ. ತಾನಾ ಬಂದೈತಿ, ತಾನಾ ಹೋಗತೈತಿ.'

'ಆಯಿ, ಅದು ನೀ ಕುಡಿಯೂ ತಂಬಿಗಿ' ಎಂದಳು ಸುಜಾತಾ.

'ಹೂಂ. ಅದಕ್ಕೇನಾತು?'

ಬಗ್ಗಿ ನಿಂತ ಅವಳು ಇನ್ನೊಂದು ಕೈಯನ್ನು ಮೇಜಿಗೆ ಆನಿಸಿದಳು, ನೀರೊಳಗಿನ ಕೈ ಅಲ್ಲಾಡಲಿಲ್ಲ. ಶಿವಾಜಿ ಹತ್ತಿರ ಹೋಗಿ, 'ಕೈ ಸೋತಿರ್ತಾವ ಯವ್ವಾ, ಕೊಡು, ನಾ ಹಿಡೀತೀನಿ' ಎಂದ.

'ಬಿಡೋ. ನಿಂತು ಕಾಯೂದು ನನಗ ರೂಢಿ ಐತಿ.'

ಅದನ್ನು ಅವಳು ನಗುತ್ತ ಹೇಳಿದಳು. ಈ ಸಲ ಅವನಿಗೆ ನಗಬೇಕೋ ಬೇಡವೋ ಎಂಬ ಸಂಶಯ ಬರಲಿಲ್ಲ. ಸ್ಟೂಲನ್ನು ಕಾಲಿನಿಂದ ಎಳೆದು ಅವಳ ಹಿಂದಕ್ಕೆ ತಂದಿಟ್ಟ. ಅವಳು ತಂಬಿಗೆಯನ್ನು ಕದಲಿಸದೆ ಮೆಲ್ಲಗೆ ಕೂತಳು. ತಾನು ಅವಳ ಪಕ್ಕದಲ್ಲಿ ಬರಿ ನೆಲದ ಮೇಲೆ ಕೂತ. ಹೊರಗೆ ಯಾವುದೋ ಟ್ರ್ಯಾಕ್ಟರ್ ಹಾಡು ಹಚ್ಚಿಕೊಂಡು ಹೋಯಿತು, ಅನ್ನಪೂರ್ಣಾ ಯಾರನ್ನೋ ಕೂಗಿದಳು, ಗಾಳಿಯ ಯಂತ್ರ ಗುಳುಗುಳು ಅನ್ನುತ್ತಿತ್ತು. ತಂಬಿಗೆಯ ಕಂಠ ದಾಟಿ ಕರಿಬಾಲ ಹೊರಗೆ ಇಣುಕಿತು. ಸುಜಾತಾ ಮುಂದಕ್ಕೆ ಬಗ್ಗಿದಳು. ಅದು ಇತ್ತ ಒಮ್ಮೆ, ಅತ್ತ ಒಮ್ಮೆ ತಿರುಗಿ, ಮತ್ತೆ ಒಳಗೇ ಹೋಯಿತು.